ಬ್ಯಾಕ್ ಫೋರ್ ಕಲಿಸೋವಾಗ ಮೊದಲು ಹಗ್ಗ, ಆಮೇಲೆ ಬಾಲ್

ಬೆಂಗಳೂರಲ್ಲಿ ಅಂಡರ್-15 ಹುಡುಗರಿಗೆ ಫುಟ್ಬಾಲ್ ಕೋಚಿಂಗ್ ಮಾಡೋದು ನನ್ನ ಕೆಲಸ. ಹೊಸಬನ್ನ ಡಿಫೆನ್ಸ್‌ಗೆ ಹಾಕಿದ್ರೆ ಕಣ್ಣೆಲ್ಲ ಬಾಲ್ ಮೇಲೇ, ಬಾಲ್ ಹೋದಲ್ಲಿಗೆ ಇವನೂ ಓಡ್ತಾನೆ, ಇವನ ಹಿಂದೆ ಇನ್ನೊಬ್ಬ, ಅಷ್ಟರಲ್ಲಿ ಎದುರು ಟೀಮಿನ ಸ್ಟ್ರೈಕರ್ ಬಾಕ್ಸ್ ಹತ್ರ ಆರಾಮಾಗಿ ಒಬ್ಬನೇ ನಿಂತಿರ್ತಾನೆ. ಹೊರಗಡೆಯಿಂದ ಅಪ್ಪಂದಿರು "ಹೋಗೋ, ಕಿತ್ಕೊಳೋ" ಅಂತ ಕೂಗೋದು ಬೇರೆ.

ಅದಕ್ಕೇ ನಾನು ಬ್ಯಾಕ್ ಫೋರ್, ಅಂದ್ರೆ ಹಿಂದೆ ಸಾಲಾಗಿ ನಿಲ್ಲೋ ನಾಲ್ಕು ಡಿಫೆಂಡರ್‌ಗಳು, ಆ ನಾಲ್ಕೂ ಜನರ ಕೈಗೆ ಒಂದೇ ಹಗ್ಗ ಹಿಡಿಸ್ತೀನಿ, ಒಬ್ಬನಿಗೂ ಇನ್ನೊಬ್ಬನಿಗೂ ಮಧ್ಯೆ ಎಂಟು ಹತ್ತು ಹೆಜ್ಜೆ. ಬಾಲ್ ನನ್ನ ಕೈಯಲ್ಲಿ. ನಾನು ಬಲಕ್ಕೆ ನಡೆದ್ರೆ ಆ ಕಡೆ ತುದಿಯಲ್ಲಿರೋ ಫುಲ್‌ಬ್ಯಾಕ್ ಮುಂದೆ ಬರ್ಬೇಕು, ಪಕ್ಕದ ಸೆಂಟರ್ ಬ್ಯಾಕ್ (ನಡುವೆ ನಿಲ್ಲೋ ಇಬ್ಬರಲ್ಲಿ ಒಬ್ಬ) ಅವನ ಹಿಂದೆ ಓರೆಯಾಗಿ ಕವರ್ ನಿಲ್ಬೇಕು, ಇನ್ನೊಂದು ತುದಿಯವನು ತನ್ನೆದುರಿನ ವಿಂಗರ್‌ನ (ಎದುರು ಟೀಮಲ್ಲಿ ಅಂಚಿನಲ್ಲಿ ಆಡೋನು) ಬಿಟ್ಟು ಒಳಗೆ ಸರೀಬೇಕು. ಈ ಕೊನೇದು ಯಾರಿಗೂ ಒಪ್ಪಿಗೆ ಆಗಲ್ಲ, "ಸರ್, ಅವನು ಫ್ರೀ ಆಗ್ತಾನಲ್ಲ" ಅಂತಾರೆ. ಆಗ್ಲಿ ಬಿಡೋ, ಅಷ್ಟು ದೂರದ ಪಾಸ್ ಗಾಳೀಲಿ ಬರೋಷ್ಟರಲ್ಲಿ ನಾಲ್ಕೂ ಜನ ಸರ್ಕೊಂಡು ಹೋಗ್ಬಹುದು, ನಡುವೆ ಗ್ಯಾಪ್ ಬಿಟ್ರೆ ಮಾತ್ರ ಟೈಮೇ ಸಿಗಲ್ಲ.

ಇಷ್ಟಕ್ಕೂ ನಂಬದೇ ಇರೋರಿಗೆ ಇಟಲಿಯ ಎಸಿ ಮಿಲಾನ್ ಕ್ಲಬ್ ವಿಷಯ ಹೇಳ್ತೀನಿ. ಕೋಚ್ ಅರಿಗೊ ಸಾಕ್ಕಿ ಹೇಳೋದನ್ನ ಟೀಮಿನ ಸ್ಟಾರ್ ಆಟಗಾರರು ಗುಲಿಟ್, ವಾನ್ ಬಾಸ್ಟೆನ್ ಒಪ್ತಾ ಇರ್ಲಿಲ್ವಂತೆ, ಆಗ ಸಾಕ್ಕಿ ಗೋಲ್‌ಕೀಪರ್ ಜೊತೆ ಡಿಫೆಂಡರ್‌ಗಳಾದ ಬರೇಸಿ, ಮಾಲ್ದೀನಿ, ಕೊಸ್ಟಾಕುರ್ಟಾ, ತಸ್ಸೊಟ್ಟಿ ಅಂತ ಬರೀ 5 ಜನರನ್ನ ಒಂದ್ಕಡೆ ನಿಲ್ಸಿ ಎದುರಿಗೆ 10 ಜನರನ್ನ ಬಿಟ್ರಂತೆ, 15 ನಿಮಿಷ ಆಡಿದ್ರೂ ಒಂದು ಗೋಲ್ ಆಗ್ಲಿಲ್ಲ ಅಂತ ಸಾಕ್ಕಿನೇ ಹೇಳ್ಕೊಂಡಿದ್ದಾರೆ. ಅದೇ ಟೀಮು 1989ರ ಯುರೋಪಿಯನ್ ಕಪ್ ಫೈನಲ್‌ನ 4-0 ಗೆದ್ದಿತು, ಗುಲಿಟ್ ಎರಡು, ವಾನ್ ಬಾಸ್ಟೆನ್ ಎರಡು. ಕೊನೆ ಡಿಫೆಂಡರಿಂದ ಮುಂದಿನ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರ್ ಇರ್ಬೇಕು ಅನ್ನೋದು ಸಾಕ್ಕಿ ಲೆಕ್ಕ.

ಹುಡುಗರು ಇದನ್ನ ಕೇಳಿದ ತಕ್ಷಣ ಆಫ್‌ಸೈಡ್ ಟ್ರ್ಯಾಪ್ ಮಾಡೋಣ ಸರ್ ಅಂತಾರೆ, ಅಂದ್ರೆ ಡಿಫೆಂಡರ್‌ಗಳ ಸಾಲು ಒಟ್ಟಿಗೆ ಮುಂದೆ ಬಂದು ಸ್ಟ್ರೈಕರ್‌ನ ಆಫ್‌ಸೈಡ್‌ಗೆ ಸಿಕ್ಕಿಸೋದು. ಲೈನ್ ಮುಂದೆ ತರೋದು ಯಾವಾಗ ಅಂತ ಗೊತ್ತಿಲ್ದೆ ಅದನ್ನ ಮುಟ್ಟಲೇಬಾರದು. ಬಾಲ್ ಇರೋನು ತಲೆ ಎತ್ತಿ ಆರಾಮಾಗಿ ನೋಡ್ತಾ ಇದ್ರೆ ಹಿಂದೆ ಸರೀರಿ, ಅವನು ಬೆನ್ನು ಹಾಕಿದ್ರೆ ಇಲ್ಲಾ ಹಿಂದಕ್ಕೆ ಪಾಸ್ ಕೊಟ್ರೆ ಮುಂದೆ ಬನ್ನಿ, ಅದೂ ಸೆಂಟರ್ ಬ್ಯಾಕ್ ಒಬ್ಬನೇ ಕೂಗ್ಬೇಕು, ಇಬ್ಬರು ಕೂಗಿದ್ರೆ ಲೈನ್ ಒಡೆಯುತ್ತೆ. ಆ ಕೂಗೋ ಹುಡುಗ ಸಿಗೋದೇ ಕಷ್ಟ. ಟ್ಯಾಕಲ್ ಚೆನ್ನಾಗಿ ಮಾಡೋರು ಬೇಕಾದಷ್ಟಿದ್ದಾರೆ, ಬಾಯಿ ಬಿಡೋರು ಕಮ್ಮಿ, ಅದಕ್ಕೇ ಸೆಲೆಕ್ಷನ್‌ನಲ್ಲಿ ಅಂಥವನು ಕಂಡ್ರೆ ಎತ್ತರ ಕಮ್ಮಿ ಇದ್ರೂ ಮೊದಲು ಅವನ್ನೇ ತಗೋತೀನಿ.