ಎಡ ಭುಜದ ಕವಚ

ನಾನು ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದ ಕಾಂಪ್ (ಕಾಂಪೋಸಿಟಿಂಗ್) ವಿಭಾಗದಲ್ಲಿ, ಅಂದರೆ ಬೇರೆ ಬೇರೆ ಪದರಗಳನ್ನು ಸೇರಿಸಿ ಅಂತಿಮ ಚಿತ್ರ ಮಾಡುವಲ್ಲಿ, ಕೆಲಸ ಮಾಡುತ್ತೇನೆ. ವಿದೇಶಿ ವಾಹಿನಿಯೊಂದಕ್ಕೆ ನಾವು ಮಾಡಿಕೊಡುತ್ತಿದ್ದ ರೋಬೋಟ್ ಸರಣಿಯಲ್ಲಿ ನನ್ನಿಂದಾದ ತಪ್ಪೊಂದು ಎರಡು ವರ್ಷ ಕಳೆದರೂ ಮನಸ್ಸನ್ನು ಕೊರೆಯುತ್ತಲೇ ಇದೆ.

ಆ ಕಂತಿನ ಕಾಳಗದಲ್ಲಿ ನಾಯಕ ರೋಬೋಟಿನ ಎಡ ಭುಜದ ಕವಚ ಕಿತ್ತುಹೋಗುತ್ತದೆ. ಅಲ್ಲಿಂದ ಕೊನೆಯವರೆಗೂ ಆ ಭುಜದಲ್ಲಿ ಬರೀ ತಂತಿಗಳು ಕಾಣಬೇಕು. ಕ್ಲೈಂಟ್ ಕೊನೆಯ ಗಳಿಗೆಯಲ್ಲಿ ಅನಿಮ್ಯಾಟಿಕ್ (ಶಾಟುಗಳ ಕ್ರಮ ತೋರಿಸುವ ಕಚ್ಚಾ ವಿಡಿಯೋ) ಬದಲಿಸಿದ್ದರಿಂದ, 212ನೇ ಶಾಟಿನಲ್ಲಿ ನಾಯಕ ರೋಬೋಟು ಎದುರಾಳಿಗೆ ಬೆನ್ನು ಮಾಡಿ ನಿಂತಂತೆ ಕಾಣತೊಡಗಿತು. ಕ್ಯಾಮೆರಾ ಕೋನ ನಿಗದಿ ಮಾಡುವ ಲೇಔಟ್ ವಿಭಾಗಕ್ಕೆ ವಾಪಸು ಕಳುಹಿಸಿ ಕ್ಯಾಮೆರಾ ಸರಿಪಡಿಸಿಕೊಳ್ಳುವುದೇ ಕ್ರಮ. ಆದರೆ ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ಡೆಲಿವರಿ ಇತ್ತು, ಲೇಔಟಿನವರು ಮನೆಗೆ ಹೋಗಿದ್ದರು. ನಾನು ಕಾಂಪಿನಲ್ಲಿಯೇ ಶಾಟನ್ನು ಫ್ಲಾಪ್ ಮಾಡಿದೆ, ಅಂದರೆ ಚಿತ್ರದ ಎಡಬಲವನ್ನು ತಿರುವುಮುರುವು ಮಾಡಿದೆ. ಎದೆಯ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತವೆಂಬ ಎಚ್ಚರ ನನಗಿತ್ತು. 72 ಫ್ರೇಮುಗಳನ್ನೂ ಒಂದೊಂದಾಗಿ ನೋಡಿ, ಹೊಗೆ ಅವನ್ನು ಪೂರ್ತಿ ಮುಚ್ಚಿದೆಯೆಂದು ಖಚಿತಪಡಿಸಿಕೊಂಡೆ. ಅಕ್ಷರಗಳ ಮೇಲೆಯೇ ಕಣ್ಣಿಟ್ಟಿದ್ದರಿಂದ ಭುಜ ನನಗೆ ಕಾಣಲೇ ಇಲ್ಲ.

ಮರುದಿನದ ಕ್ಲೈಂಟ್ ರಿವ್ಯೂನಲ್ಲಿ ಶಾಟುಗಳು ಒಂದರ ಹಿಂದೊಂದು ಓಡಿದವು. ಆ ಕಡೆಯಿಂದ ನಿಲ್ಲಿಸಲು ಹೇಳಿದರು. ಎರಡು ಶಾಟು ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದರು. 211ರಲ್ಲಿ ಎಡ ಭುಜ ಒಡೆದಿತ್ತು, 212ರಲ್ಲಿ ಬಲ ಭುಜ, 213ರಲ್ಲಿ ಮತ್ತೆ ಎಡ ಭುಜ. ಎಲ್ಲರೂ ನನ್ನತ್ತ ತಿರುಗುವ ಮೊದಲೇ ನಾನು, "ಸರ್, ರಿಗ್ಗಿನಲ್ಲೇ ಡ್ಯಾಮೇಜ್ ಅದಲುಬದಲಾಗಿರಬೇಕು" ಎಂದುಬಿಟ್ಟೆ. ಆ ರಿಗ್, ಅಂದರೆ ರೋಬೋಟನ್ನು ಆಡಿಸುವ ಒಳಚೌಕಟ್ಟನ್ನು, ಮಾಡಿದ ಹುಡುಗ ನನ್ನ ಪಕ್ಕದಲ್ಲೇ ಕುಳಿತಿದ್ದ. ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಕಿರಿಯ. ಅವನು ಏನೂ ಎದುರಾಡದೆ, ಯಾವ ಶಾಟಿಗೆ ಯಾವ ವರ್ಷನ್ ಹೋಗಿದೆಯೆಂದು ತೋರಿಸುವ ಪಬ್ಲಿಷ್ ಲಾಗ್ ತೆರೆದು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದ. ಮೂರು ಶಾಟಿಗೂ ಹೋಗಿದ್ದುದು ರಿಗ್ಗಿನ ಒಂದೇ ವರ್ಷನ್. ಕಾಲ್‌ನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹಿಂದಿನ ರಾತ್ರಿ ನಾನೇ ಹಾಕಿದ ಫ್ಲಾಪಿನ ಆ ಒಂದು ನೋಡ್ (ಕಾಂಪಿನ ಒಂದು ಹೆಜ್ಜೆ) ನೆನಪಾದದ್ದು ಆಗಲೇ. ನೆನಪಾದ ಮೇಲೂ ಅದನ್ನು ಬಾಯಿಬಿಟ್ಟು ಹೇಳಲು ಅರ್ಧ ನಿಮಿಷವಾದರೂ ಹಿಡಿಯಿತು; ಇಂದಿಗೂ ನನ್ನನ್ನು ಚುಚ್ಚುವುದು ಆ ಅರ್ಧ ನಿಮಿಷ.

ಸಂಜೆ ನಮ್ಮ ಲೀಡ್ 1984ರ 'ಟ್ರಾನ್ಸ್‌ಫಾರ್ಮರ್ಸ್' ಸರಣಿಯ ತುಣುಕುಗಳನ್ನು ಹಾಕಿ ತೋರಿಸಿದರು. ಅದರಲ್ಲಿ ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಎಂಬ ಮೂರು ಜೆಟ್ ರೋಬೋಟುಗಳದ್ದು ಒಂದೇ ಅಚ್ಚು, ಬಣ್ಣದಿಂದಷ್ಟೇ ಗುರುತು. ಸೆಲ್ (ಪಾರದರ್ಶಕ ಹಾಳೆ) ಮೇಲೆ ಕೈಯಿಂದ ಬಣ್ಣ ಹಚ್ಚುತ್ತಿದ್ದ ಕಾಲದಲ್ಲಿ ಒಂದು ಡಬ್ಬಿ ತಪ್ಪಿದರೆ ಒಬ್ಬನ ಮಾತು ಇನ್ನೊಬ್ಬನ ಬಾಯಿಂದ ಬರುತ್ತಿತ್ತು. ಬರವಣಿಗೆ ಅಮೆರಿಕದಲ್ಲಿ, ಚಿತ್ರಗಳು ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ. ಅದೇ ರೋಬೋಟು ಆಟಿಕೆಯಾಗಿ ಮಗುವಿನ ಕೈಯಲ್ಲೇ ಇರುತ್ತಿದ್ದುದರಿಂದ, ಯಾವ ತುಂಡು ಎಲ್ಲಿರಬೇಕೆಂಬುದು ಮಾಡಿದವರಿಗಿಂತ ನೋಡುವವರಿಗೇ ಚೆನ್ನಾಗಿ ಗೊತ್ತಿತ್ತು. ನನ್ನ ಶಾಟು ಕೂಡ, ಅದೊಂದನ್ನೇ ನೋಡಿದರೆ, ನಿರ್ದೋಷವಾಗಿಯೇ ಇತ್ತು. ತಪ್ಪಿದ್ದುದು 211 ಮತ್ತು 212ರ ನಡುವಿನ ಕಟ್‌ನಲ್ಲಿ, ಮತ್ತು ಆ ಕಟ್ ಯಾರ ಪಾಲಿಗೂ ಹಂಚಿಕೆಯಾಗಿರಲಿಲ್ಲ.

ಮ್ಯಾನೇಜ್‌ಮೆಂಟಿನ ಮೇಲೆ ನನಗೆ ನಿಜವಾದ ಬೇಸರವಿರುವುದೂ ಇಲ್ಲಿಯೇ. ನಮ್ಮ ಟ್ರ್ಯಾಕರಿನಲ್ಲಿ ಪ್ರತಿ ಶಾಟಿನ ಸ್ಟೇಟಸ್ ಇದೆ, ಎಷ್ಟು ಗಂಟೆಯಾಯಿತೆಂಬ ಲೆಕ್ಕವಿದೆ. ಹುಕ್‌ಅಪ್, ಅಂದರೆ ಒಂದು ಶಾಟು ಮುಂದಿನದಕ್ಕೆ ಸರಿಯಾಗಿ ಕೂಡುತ್ತದೆಯೇ ಎಂದು, ನೋಡಿದವರು ಯಾರು ಎಂಬ ಒಂದು ಕಾಲಂ ಇಲ್ಲ. ಎರಡು ಸಲ ಬರೆದು ಕೇಳಿದ್ದೇನೆ, ಮುಂದಿನ ಪ್ರಾಜೆಕ್ಟಿಗೆ ನೋಡೋಣ ಎಂಬ ಉತ್ತರ ಬಂದಿದೆ.

ರೀಟೇಕ್ ರೆಂಡರ್ ಆಗುತ್ತಿದ್ದಾಗ ಆ ಹುಡುಗನ ಡೆಸ್ಕಿಗೆ ಹೋಗಿ ಕ್ಷಮೆ ಕೇಳಿದೆ. "ಇರಲಿ ಬಿಡಿ ಸರ್" ಎಂದಷ್ಟೇ ಹೇಳಿದ. ಅವನ ಪರದೆಯ ವ್ಯೂಪೋರ್ಟಿನಲ್ಲಿ ರೋಬೋಟಿನ ಎಡಗೈ ಪೂರ್ತಿ ಕೆಂಪು, ಬಲಗೈ ಹಸಿರು ಬಣ್ಣದಲ್ಲಿತ್ತು. ಆ ಬಣ್ಣದ ಪಾಸ್ (ಪ್ರತ್ಯೇಕ ಚಿತ್ರಪದರ) ಕಾಂಪಿಗೂ ಬರುವಂತೆ ಮಾಡಿಕೊಡಬಹುದೇ ಎಂದು ಕೇಳಿದೆ, ಅಂದೇ ಮಾಡಿಕೊಟ್ಟ. ಈಗ ಯಾವ ಶಾಟನ್ನು ತೆರೆದರೂ ನಾನು ಮೊದಲು ನೋಡುವುದು ಆ ಪಾಸನ್ನು, ಹಿಂದಿನ ಶಾಟಿನ ಕೊನೆಯ ಫ್ರೇಮಿನ ಪಕ್ಕದಲ್ಲಿಟ್ಟು.