ಸಭೆ ನಡೆಸುವವರ ಸಭೆಯಲ್ಲಿ

ಧಾರವಾಡದ ಆ ಸಭೆಗೆ ಬಂದವರೆಲ್ಲ ಸಭೆ ನಡೆಸುವುದನ್ನೇ ಕೆಲಸ ಮಾಡಿಕೊಂಡವರು. ಗ್ರಾಮಸಭೆಗೆ ಜನ ಸೇರಿಸುವವರು, ಮಕ್ಕಳ ಗ್ರಾಮಸಭೆಗೆ ಶಾಲೆ ಮಕ್ಕಳನ್ನು ತಯಾರು ಮಾಡುವವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಜೊತೆ ವಾರ್ಡ್ ಸಭೆಗೆ ಹೋಗಿ ಕೂರುವವರು, ಒಂದಿಬ್ಬರು ನಿವೃತ್ತ ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು). ಹಾರ, ಶಾಲು, ಸ್ವಾಗತ ಭಾಷಣ ಬೇಡ ಅಂತ ಮೊದಲೇ ಮಾತಾಗಿತ್ತು. ವೇದಿಕೆಯೂ ಇರಲಿಲ್ಲ.

ಬೆಳಗ್ಗೆ ‘ಫಿಶ್‌ಬೌಲ್’ ರೀತಿಯಲ್ಲಿ ಚರ್ಚೆ ಶುರುವಾಯಿತು. ನಡುವೆ 5 ಕುರ್ಚಿ, ಸುತ್ತ ಉಳಿದವರು. ನಡುವೆ ಕೂತವರಷ್ಟೇ ಮಾತಾಡಬೇಕು. ಅಲ್ಲಿ ಒಂದು ಕುರ್ಚಿ ಸದಾ ಖಾಲಿ. ಸುತ್ತ ಇರುವವರಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಬಂದು ಅದರಲ್ಲಿ ಕೂರಬಹುದು. ಆಗ ಒಳಗಿದ್ದ ಒಬ್ಬರು ಎದ್ದು ಹೋಗಬೇಕು. ನನಗೆ ಇದು ತುಂಬಾ ಹಿಡಿಸಿತು. ಜಾಸ್ತಿ ಮಾತಾಡುವವರಿಗೆ ಸಾಕು ಅಂತ ಹೇಳುವ ಮುಜುಗರವೇ ಇಲ್ಲ.

ಜನ ಗ್ರಾಮಸಭೆಗೆ ಯಾಕೆ ಬರುವುದಿಲ್ಲ ಅನ್ನುವುದೇ ವಿಷಯ. ಕೂಲಿ ತಪ್ಪುತ್ತದೆ, ಡಂಗೂರ ಸರಿಯಾಗಿ ಸಾರುವುದಿಲ್ಲ, ಮುಖಂಡರ ಎದುರು ಬಾಯಿ ಬಿಡಲು ಹೆದರಿಕೆ. ಎಲ್ಲವೂ ನಿಜವೇ. ಬಹಳ ಹೊತ್ತು ಸುಮ್ಮನೆ ಕೇಳುತ್ತಿದ್ದ ಹಾವೇರಿ ಕಡೆಯ ಒಬ್ಬರು ಆಮೇಲೆ ಬಂದು ಖಾಲಿ ಕುರ್ಚಿಯಲ್ಲಿ ಕೂತರು. “ಹೋದ ಸಲ ನಾವು ಹೇಳಿದ್ದು ಏನಾತು ಅಂತ ಯಾರರ ಬಂದು ಹೇಳ್ಯಾರೇನ್ರಿ? ಮತ್ತ್ಯಾಕ ಬರಬೇಕು?” ಅಂದರು. ಉತ್ತರ ಕೊಡಲು ಯಾರೂ ಅವಸರ ಮಾಡಲಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಹಾಜರಿ ಪುಸ್ತಕದಲ್ಲಿ ಆ ಲೆಕ್ಕ ಹೇಗೋ ತುಂಬುತ್ತದೆ. ಹಿಂದಿನ ಸಭೆಯ ತೀರ್ಮಾನಗಳು ಏನಾದವು ಅಂತ ಹೇಳುವ ಅನುಪಾಲನಾ ವರದಿಯನ್ನು ಮಾತ್ರ ಎರಡು ನಿಮಿಷದಲ್ಲಿ ಓದಿ ಮುಗಿಸುತ್ತಾರೆ. ಎಷ್ಟೋ ಕಡೆ ಅದೂ ಇಲ್ಲ.

ಮಧ್ಯಾಹ್ನ ಒಬ್ಬರು ಐರ್ಲೆಂಡಿನ ನಾಗರಿಕ ಸಭೆಯ ಕಥೆ ಹೇಳಿದರು. ಸವಿತಾ ಹಾಲಪ್ಪನವರ್ ಹೆಸರು ಬಂದ ಕೂಡಲೇ ಎಲ್ಲರೂ ಕಿವಿಗೊಟ್ಟರು. ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ. 2012ರ ಅಕ್ಟೋಬರಿನಲ್ಲಿ, 17 ವಾರದ ಬಸಿರಿನಲ್ಲಿ, ಗಾಲ್ವೆಯ ಆಸ್ಪತ್ರೆ ಸೇರಿದ್ದರು. ಮಗು ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ಆದರೂ ಭ್ರೂಣದ ಎದೆಬಡಿತ ಇದೆ ಅಂತ ಗರ್ಭಪಾತ ಮಾಡಲಿಲ್ಲ. ನಂಜೇರಿ ತೀರಿಕೊಂಡರು. ತಾಯಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಬದುಕುವ ಹಕ್ಕು ಸಮಾನ ಅಂತ ಆ ದೇಶದ ಸಂವಿಧಾನಕ್ಕೆ 1983ರಲ್ಲಿ ಮಾಡಿದ 8ನೇ ತಿದ್ದುಪಡಿ ಇದರ ಹಿಂದಿತ್ತು.

ಆ ತಿದ್ದುಪಡಿ ಇರಬೇಕೋ ಬೇಡವೋ ಅಂತ ಚರ್ಚಿಸಲು 2016ರಲ್ಲಿ 99 ಸಾಮಾನ್ಯ ಜನರನ್ನು ಆರಿಸಿದರು. ವಯಸ್ಸು, ಊರು, ಗಂಡು-ಹೆಣ್ಣು ಎಲ್ಲ ನೋಡಿ, ದೇಶದ ಜನರನ್ನು ಹೋಲುವ ಹಾಗೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಮೇರಿ ಲಾಫೊಯ್ ಅಧ್ಯಕ್ಷೆ. ಡಬ್ಲಿನ್ ಹತ್ತಿರದ ಮಾಲಹೈಡ್‌ನ ಒಂದು ಹೋಟೆಲಿನಲ್ಲಿ ವಾರಾಂತ್ಯಗಳಲ್ಲಿ ಸೇರಿ ವೈದ್ಯರು, ವಕೀಲರು, ಪರ-ವಿರೋಧದ ಗುಂಪುಗಳು ಎಲ್ಲರ ಮಾತನ್ನೂ ಕೇಳಿದರು. ದುಂಡು ಮೇಜುಗಳ ಸುತ್ತ ಕೂತು ಚರ್ಚಿಸಿದರು. ಬದಲಾವಣೆ ಬೇಕು ಅಂದರು. ವರದಿ ಸಂಸತ್ತಿನ ಸಮಿತಿಗೆ ಹೋಯಿತು. 2018ರ ಮೇ 25ರಂದು ಜನಮತಗಣನೆ ನಡೆಯಿತು. ಶೇ 66.4ರಷ್ಟು ಮಂದಿ ಬದಲಾವಣೆಗೆ ಒಪ್ಪಿದರು.

ಇದೆಲ್ಲ 99 ಜನರಿಂದಲೇ ಆಯಿತು ಅಂತಲ್ಲ. ವರ್ಷಗಟ್ಟಲೆ ಬೀದಿಗಿಳಿದ ಹೆಣ್ಣುಮಕ್ಕಳ ಹೋರಾಟ ಅದರ ಹಿಂದಿದೆ. ಬೆಳಗಾವಿಯಿಂದ ಸವಿತಾ ಅವರ ತಂದೆ-ತಾಯಿ ಕೂಡ ಐರ್ಲೆಂಡಿನ ಜನರಿಗೆ ಮನವಿ ಮಾಡಿಕೊಂಡಿದ್ದರು. ಆದರೆ ಆ ಸಭೆಯಲ್ಲಿ ಕೂತವರು ಹೇಳಿದ ಮಾತು ಎಲ್ಲಿಗೆ ಹೋಯಿತು ಅನ್ನುವುದನ್ನು ಇಡೀ ದೇಶ ನೋಡಿತು. ನನ್ನ ಮನಸ್ಸಿನಲ್ಲಿ ನಿಂತದ್ದು ಅದು. ನಾವು ಈ ಕೆಲಸದವರು ವೃತ್ತ, ಬಣ್ಣದ ಕಾರ್ಡು, ಗುಂಪು ಚರ್ಚೆ ಇವುಗಳ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತೇವೆ. ಅವನ್ನೆಲ್ಲ ಒಂದು ದಿನದಲ್ಲಿ ಕಲಿಯಬಹುದು. ಜನ ಹೇಳಿದ್ದಕ್ಕೆ ಉತ್ತರ ತಂದುಕೊಡುವುದೇ ಕಷ್ಟ. ನಮ್ಮ ಅರ್ಧ ದುಡಿಮೆ ಅದಕ್ಕೇ ಹೋಗಬೇಕು, ಅಲ್ವಾ?

ಸಂಜೆಯ ಹೊತ್ತಿಗೆ ಒಂದು ಹಾಳೆ ತಯಾರಾಯಿತು. ಪ್ರತಿ ಬೇಡಿಕೆಯ ಮುಂದೆ ಏನಾಯಿತು, ಆಗದಿದ್ದರೆ ಯಾಕೆ, ಇನ್ನು ಯಾರು ಯಾವಾಗ ಮಾಡುತ್ತಾರೆ ಅಂತ ಬರೆಯಬೇಕು. ‘ಪರಿಶೀಲನೆಯಲ್ಲಿದೆ’ ಅಂತ ಬರೆಯುವ ಹಾಗಿಲ್ಲ. ಗ್ರಾಮಸಭೆ ಇದರಿಂದಲೇ ಶುರುವಾಗಬೇಕು ಅಂತ ಎಲ್ಲರೂ ಒಪ್ಪಿದರು. ಯಾರು ಓದಬೇಕು ಅನ್ನುವುದಕ್ಕೆ ಮಾತ್ರ ಜೋರು ವಾದ ನಡೆಯಿತು. ಪಿಡಿಒ ಓದಲಿ, ಅದು ಅವರ ಹೊಣೆ ಅಂತ ನಿವೃತ್ತ ಅಧಿಕಾರಿಯೊಬ್ಬರು ಅಂದರು. ಹಾವೇರಿಯವರು ಒಪ್ಪಲಿಲ್ಲ. “ಓದಿದ ಮ್ಯಾಲೆ ಬೇಡಿಕೆ ಇಟ್ಟಾಕಿನ್ನ ಎಬ್ಬಿಸಿ ಕೇಳ್ರಿ, ನಿನಗ ಉತ್ತರ ಸಿಕ್ಕತೇನವಾ ಅಂತ” ಅಂದರು. ಆ ಮಾತನ್ನೂ ಹಾಳೆಯಲ್ಲಿ ಸೇರಿಸಿದೆವು.

ಮುಂದಿನ ಭೇಟಿಯೊಳಗೆ ಒಬ್ಬೊಬ್ಬರೂ ಒಂದೊಂದು ಪಂಚಾಯಿತಿಯಲ್ಲಿ ಇದನ್ನು ಮಾಡಿ ನೋಡಬೇಕು. ನಾನು ಕಲಘಟಗಿ ತಾಲ್ಲೂಕಿನ ಒಂದನ್ನು ತಗೊಂಡಿದ್ದೇನೆ. ಹಿಂದಿನ ಸಭೆಯ ನಡಾವಳಿ ಪುಸ್ತಕ ನೋಡಬೇಕು, ಯಾವತ್ತು ಬರಲಿ ಅಂತ ಅಲ್ಲಿನ ಪಿಡಿಒಗೆ ಫೋನ್ ಮಾಡಿ ಕೇಳಿದ್ದೇನೆ. ಸೋಮವಾರ ಬನ್ನಿ ಅಂದಿದ್ದಾರೆ.