ಬಿಲ್ಲಿನಲ್ಲಿ ಹೊಸ ಫಿಲ್ಟರ್, ಕಾರಿನಲ್ಲಿ ಹಳೆಯದು

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಕೌಂಟರ್ ಮೇಲೆ ಮೂರು ಆಯಿಲ್ ಫಿಲ್ಟರ್ ಇಟ್ಟರು. ಒಂದು ಕಾರು ಕಂಪನಿಯದೇ ಡಬ್ಬಿಯಲ್ಲಿತ್ತು. ಇನ್ನೊಂದು ಹೆಸರುವಾಸಿ ಫಿಲ್ಟರ್ ಕಂಪನಿಯದು. ಮೂರನೆಯದರ ಹೆಸರನ್ನು ನಾನು ಎಲ್ಲೂ ಕೇಳಿರಲಿಲ್ಲ. ಬೆಲೆ ಮಾತ್ರ ಉಳಿದೆರಡರ ಅರ್ಧಕ್ಕಿಂತ ಕಡಿಮೆ.

"ಯಾವುದಾದ್ರೂ ತಗೊಳ್ಳಿ ಸಾರ್, ಒಳಗಿರೋದು ಪೇಪರ್ ತಾನೆ" ಎಂದರು.

ಒಳಗಿರುವುದು ಪೇಪರ್ ಅನ್ನೋದು ನಿಜ. ಆದರೆ ಬರೀ ಪೇಪರ್ ಅಲ್ಲ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರದ ತಗಡಿನ ಡಬ್ಬಿಗಳು. ವ್ಯತ್ಯಾಸ ಸ್ವಲ್ಪವಾದರೂ ಕಾಣುವುದು ಬಾಯಿಯ ಕಡೆ. ಅಲ್ಲಿ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಅದರ ಸುತ್ತ ಸಣ್ಣ ತೂತುಗಳು. ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗಿ, ಪೇಪರ್ ದಾಟಿ, ನಡುವಿನ ದೊಡ್ಡ ತೂತಿನಿಂದ ಎಂಜಿನ್‌ಗೆ ವಾಪಸ್ ಬರುತ್ತದೆ. ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ಪದರ ಕಾಣುತ್ತದೆ ನೋಡಿ, ನಾನು ಮೊದಲು ನೋಡುವುದೇ ಅದನ್ನು. ಎಂಜಿನ್ ನಿಂತ ಮೇಲೆ ಫಿಲ್ಟರ್‌ನಲ್ಲಿರುವ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ವಾಲ್ವ್ ಅದು. ಅದು ಕೆಟ್ಟರೆ ರಾತ್ರಿಯೆಲ್ಲ ಆಯಿಲ್ ಇಳಿದು ಫಿಲ್ಟರ್ ಖಾಲಿಯಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಕ್ಕೆ ಮುಟ್ಟುವವರೆಗೆ ಎಂಜಿನ್ ಟಕಟಕ ಅನ್ನುತ್ತದೆ. ಫಿಲ್ಟರ್ ಅಡ್ಡಡ್ಡ ಕೂರುವ ಕಾರುಗಳಲ್ಲಿ ಇದು ಇನ್ನೂ ಜಾಸ್ತಿ.

ಪೆನ್ಸಿಲ್ ತುದಿಯಿಂದ ಮೆಲ್ಲಗೆ ಒತ್ತಿ ನೋಡಿದೆ. ಮೊದಲಿನ ಎರಡರಲ್ಲೂ ರಬ್ಬರ್ ಮೆತ್ತಗಿತ್ತು, ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಬಂದು ಕೂತಿತು. ಮೂರನೆಯದರಲ್ಲಿ ಅದು ಬಿರುಸಾಗಿತ್ತು, ಒಂದು ಬದಿ ಅಂಟಿಕೊಂಡೇ ಇರಲಿಲ್ಲ. ಥ್ರೆಡ್ ಕೂಡ ಒರಟು, ಬೆರಳಿಗೆ ಲೋಹದ ಪುಡಿ ಹತ್ತಿತು. ಎಂಜಿನ್ ಒಳಗೆ ಲೋಹದ ಪುಡಿ ಹೋಗಬಾರದು ಅಂತ ಹಾಕುವ ವಸ್ತುವಿನಲ್ಲೇ ಪುಡಿ! ಅದನ್ನು ಪಕ್ಕಕ್ಕಿಟ್ಟೆ.

ಇನ್ನೊಂದು ವಾಲ್ವ್ ಒಳಗಿರುತ್ತದೆ, ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡಲು ಆಗುವುದಿಲ್ಲ. ಪೇಪರ್ ಕಟ್ಟಿಕೊಂಡರೆ, ಅಥವಾ ಚಳಿಗೆ ಆಯಿಲ್ ಗಟ್ಟಿಯಾಗಿದ್ದರೆ, ಆ ಬೈಪಾಸ್ ವಾಲ್ವ್ ತೆರೆದುಕೊಂಡು ಆಯಿಲ್ ಅನ್ನು ಸೋಸದೆಯೇ ಬಿಡುತ್ತದೆ. ಆಯಿಲ್ ಇಲ್ಲದೆ ಓಡುವುದಕ್ಕಿಂತ ಕೊಳೆ ಆಯಿಲ್‌ನಲ್ಲಿ ಓಡುವುದು ಎಂಜಿನ್‌ಗೆ ಮೇಲು, ಅದಕ್ಕೆ ಈ ಏರ್ಪಾಟು. ಅದು ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನುವುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಹಾಗಾಗಿ ಥ್ರೆಡ್ ಕೂತರೆ ಸಾಕು, ಫಿಲ್ಟರ್ ಆಗುತ್ತದೆ ಅಂತ ಅಂದುಕೊಳ್ಳಬಾರದು. ಪಾರ್ಟ್ ನಂಬರ್ ಹೊಂದಲೇಬೇಕು. ಕಾರು ಕಂಪನಿಯ ಡಬ್ಬಿಯನ್ನೇ ತೆಗೆದುಕೊಂಡೆ. ಹೊಲೋಗ್ರಾಂ, ಪಾರ್ಟ್ ನಂಬರ್, ಎಂಆರ್‌ಪಿ ಚೀಟಿ, ಅಕ್ಷರಗಳ ಅಚ್ಚು ಎಲ್ಲಾ ನೋಡಿ, ಬಿಲ್ ಹಾಕಿಸಿಕೊಂಡೆ. ನಕಲಿ ಫಿಲ್ಟರ್‌ಗಳು ಅಸಲಿ ಡಬ್ಬಿಯಂಥದ್ದರಲ್ಲೇ ಬರುತ್ತವೆ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಇಂಥದ್ದನ್ನು ಕೊಳ್ಳಲೇಬಾರದು.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇತ್ತು. ನಮ್ಮದು ಪೆಟ್ರೋಲ್ ವ್ಯಾಗನ್ ಆರ್. 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಕಳೆದ ಸಲ ಮನೆ ಹತ್ತಿರದ ಗ್ಯಾರೇಜಿಗೆ ಕೊಟ್ಟಿದ್ದೆ. ಬಿಲ್ಲಿನಲ್ಲಿ ಆಯಿಲ್ ಫಿಲ್ಟರ್ ಅಂತ ಬೇರೆಯೇ ಸಾಲಿತ್ತು, ದುಡ್ಡೂ ಕೊಟ್ಟಿದ್ದೆ. ಆಮೇಲೆ ಒಂದು ದಿನ ಕೆಳಗೆ ಏನೋ ಸದ್ದು ಬರುತ್ತಿದೆ ಅಂತ ಟಾರ್ಚ್ ಹಿಡಿದು ಬಗ್ಗಿದಾಗ ಫಿಲ್ಟರ್ ಕಣ್ಣಿಗೆ ಬಿತ್ತು. ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅಂಚಿಗೆ ತುಕ್ಕು. ಒಂದು ವರ್ಷದೊಳಗಿನ ಫಿಲ್ಟರ್ ಹೀಗಿರುತ್ತದಾ ಅಂತ ಅನುಮಾನ ಬಂತು. ಸುಮ್ನೆ ಅನುಮಾನ ಪಡುತ್ತಾ ಕೂರುವುದು ಬೇಡ, ಈ ಸಲದ ಸರ್ವಿಸ್ ನಾನೇ ಮಾಡುತ್ತೇನೆ ಅಂತ ತೀರ್ಮಾನಿಸಿದೆ.

ಭಾನುವಾರ ಬೆಳಗ್ಗೆ ಮನೆ ಮುಂದಿನ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿದೆ. ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿದೆ. ಆಯಿಲ್ ಸ್ವಲ್ಪ ಬೆಚ್ಚಗಾದರೆ ಚೆನ್ನಾಗಿ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ತೀರಾ ಕಾದಿದ್ದರೆ ಕೈ ಸುಡುತ್ತದೆ. ಮುಂದಿನ ಚಕ್ರಗಳನ್ನು ಎತ್ತಿ ಎರಡೂ ಬದಿಗೆ ಜಾಕ್ ಸ್ಟ್ಯಾಂಡ್ ಕೊಟ್ಟೆ, ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು, ಹ್ಯಾಂಡ್ ಬ್ರೇಕ್. ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಬರೀ ಅದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಬೇಡಿ. ಜಾಕ್ ಜಾರಿದರೆ ಈಚೆ ಬರಲು ಸಮಯ ಇರುವುದಿಲ್ಲ. ಸ್ಟ್ಯಾಂಡ್ ಇಲ್ಲ ಅಂದರೆ ಈ ಕೆಲಸವೇ ಬೇಡ.

ಮೇಲೆ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ, ಕೆಳಗೆ ಅಗಲವಾದ ಟಬ್ ಇಟ್ಟು, ಡ್ರೈನ್ ಬೋಲ್ಟ್ ಬಿಚ್ಚಿದೆ. ಆಯಿಲ್ ಮೊದಲು ದಪ್ಪ ಧಾರೆಯಾಗಿ ಮುಂದಕ್ಕೆ ಚಿಮ್ಮಿತು, ಆಮೇಲೆ ಸಣ್ಣಗಾಗಿ ಹನಿಗೆ ಇಳಿಯಿತು. ಅಷ್ಟರಲ್ಲಿ ಹಳೆ ಫಿಲ್ಟರ್ ಮೇಲಿನ ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಕೆಸರು ಬಿಟ್ಟಂತೆ ಕೆಳಗಿನಿಂದ ಹಳದಿ ಬಣ್ಣ ಕಾಣಿಸಿತು. ಇನ್ನಷ್ಟು ಒರೆಸಿದೆ. ಹಳದಿ ಪೇಂಟ್ ಪೆನ್ನಿನಲ್ಲಿ ಬರೆದ ಅಂಕಿ: 41200.

ಮೀಟರಿನಲ್ಲಿ ಆಗ 61,000 ದಾಟಿತ್ತು. ಆ ಗ್ಯಾರೇಜಿಗೆ ಕೊಡುವುದಕ್ಕೂ ಹಿಂದಿನ ಸರ್ವಿಸ್ ಮಾಡಿಸಿದ ಕಡೆ ಹಾಕಿದ ಫಿಲ್ಟರ್ ಮೇಲೆ ಕಿಲೋಮೀಟರ್ ಬರೆಯುವ ಪದ್ಧತಿ ಇತ್ತು. ಆ ಅಂಕಿ ಅವರದ್ದು. ಅಂದರೆ ನಡುವೆ ಗ್ಯಾರೇಜಿನವರು ಆಯಿಲ್ ಬದಲಿಸಿದ್ದಾರೋ ಏನೋ, ಫಿಲ್ಟರ್ ಅಂತೂ ಮುಟ್ಟಿಲ್ಲ. ಕೆಲವು ನೂರು ರೂಪಾಯಿಯ ವಿಷಯ ಇದು, ಗೊತ್ತು. ಆದರೂ ಸಿಟ್ಟು ಬಂತು. ಕಾರಿನ ಕೆಳಗೆ ಯಾರೂ ನೋಡುವುದಿಲ್ಲ ಅನ್ನುವ ಧೈರ್ಯದ ಮೇಲೆ ಮಾಡಿದ ಕೆಲಸ ಅಲ್ವಾ?

ಫಿಲ್ಟರ್ ಕೈಗೆ ಜಗ್ಗಲಿಲ್ಲ. ಬೆಲ್ಟ್ ಥರದ ಫಿಲ್ಟರ್ ರೆಂಚ್ ಸುತ್ತಿ ಎಳೆದಾಗ ಕರಕರ ಸದ್ದು ಮಾಡಿ ಬಿಟ್ಟುಕೊಂಡಿತು. ತೆಗೆದ ಕೂಡಲೇ ಎಂಜಿನ್ ಕಡೆಯ ಮುಖ ನೋಡಬೇಕು. ಹಳೆ ಫಿಲ್ಟರಿನ ರಬ್ಬರ್ ಗ್ಯಾಸ್ಕೆಟ್ ಎಷ್ಟೋ ಸಲ ಅಲ್ಲೇ ಅಂಟಿ ಉಳಿಯುತ್ತದೆ. ಅದರ ಮೇಲೇ ಹೊಸದನ್ನು ಕೂರಿಸಿದರೆ ಒತ್ತಡಕ್ಕೆ ಎರಡು ರಬ್ಬರೂ ಜಾರಿ ಆಯಿಲೆಲ್ಲ ರಸ್ತೆಗೆ ಹೋಗುತ್ತದೆ. ನಮ್ಮದು ಅರ್ಧ ಅಂಟಿಕೊಂಡೇ ಇತ್ತು, ಉಗುರಿನಿಂದ ಬಿಡಿಸಿದೆ. ಒಣ ಬಟ್ಟೆಯಿಂದ ಮುಖ ಒರೆಸಿ, ಹೊಸ ಗ್ಯಾಸ್ಕೆಟ್‌ಗೆ ಹೊಸ ಆಯಿಲನ್ನೇ ಬೆರಳಿನಲ್ಲಿ ಸವರಿ, ಕೈಯಿಂದ ತಿರುಗಿಸಿದೆ. ರಬ್ಬರ್ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು. ರೆಂಚ್ ಬಿಚ್ಚುವುದಕ್ಕೆ, ಬಿಗಿ ಮಾಡುವುದಕ್ಕೆ ಅಲ್ಲ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ 5ಡಬ್ಲ್ಯೂ-30 ದರ್ಜೆಯ ಆಯಿಲ್ ಅನ್ನು ಅಳತೆಗೆ ಸ್ವಲ್ಪ ಕಡಿಮೆಯೇ ಸುರಿದು ಸ್ಟಾರ್ಟ್ ಮಾಡಿದೆ. ಆಯಿಲ್ ಲೈಟ್ ಕೆಲವು ಸೆಕೆಂಡ್ ಉರಿದು ಆರಿತು. ಹೊಸ ಫಿಲ್ಟರ್ ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕು. ಫಿಲ್ಟರ್ ಸುತ್ತ, ಬೋಲ್ಟ್ ಸುತ್ತ ಟಾರ್ಚ್ ಬಿಟ್ಟು ನೋಡಿದೆ, ಒಂದು ಹನಿ ಇಲ್ಲ. ಎಂಜಿನ್ ಆಫ್ ಮಾಡಿ, ಕಾರು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಹಾಕಿದೆ.

ಪಕ್ಕದ ಮನೆಯವರು ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾರೆ. ಹಳೆ ಫಿಲ್ಟರ್ ಕುಯ್ದು ನೋಡಬೇಕು ಅಂದೆ. ಹ್ಯಾಕ್ಸಾ ಬೇಡ, ಅದರದ್ದೇ ಪುಡಿ ಒಳಗೆ ಬಿದ್ದು ಎಂಜಿನ್ ಪುಡಿ ಯಾವುದು ಅಂತ ಗೊತ್ತಾಗಲ್ಲ ಅಂದರು. ಪೈಪ್ ಕತ್ತರಿಸುವಂಥ ಚಕ್ರದ ಕಟರ್ ತಂದು ಅಂಚಿನ ಸುತ್ತ ಬಿಟ್ಟು ಬಿಟ್ಟು ತಿರುಗಿಸಿ ತಗಡನ್ನು ಚೆಂದವಾಗಿ ಬಿಡಿಸಿಕೊಟ್ಟರು. ಒಳಗಿನ ಪೇಪರ್ ಸೀರೆ ನೆರಿಗೆಯ ಹಾಗೆ ಒಂದೇ ಸಮ ಇರಬೇಕಿತ್ತು. ನೆರಿಗೆಗಳು ಓರೆಯಾಗಿ, ಮೂರು ನಾಲ್ಕು ಒಟ್ಟಿಗೆ ಅಂಟಿಕೊಂಡು, ನಡುವೆ ಕಪ್ಪು ಮಡ್ಡಿ ತುಂಬಿತ್ತು. ರಬ್ಬರ್ ವಾಲ್ವ್ ಬಗ್ಗಿಸಿದರೆ ಬಗ್ಗಲಿಲ್ಲ, ಮುರಿಯಿತು. ನಮ್ಮ ಕಾರೂ ಬೆಳಗ್ಗೆ ಟಕಟಕ ಅನ್ನುತ್ತಿತ್ತು, ಅದಕ್ಕೆ ಎಂಜಿನ್ ಹಳೆಯದಾಯಿತು ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೆವು.

ಪೇಪರನ್ನು ಕತ್ತರಿಸಿ ಹಾಸಿ ಮ್ಯಾಗ್ನೆಟ್ ಆಡಿಸಿದೆವು. ನವಿರಾದ ಬೂದು ಪುಡಿ ಸ್ವಲ್ಪ ಹತ್ತಿತು, ಹೊಳೆಯುವ ಚೂರುಗಳು ಇರಲಿಲ್ಲ. "ಬೇರಿಂಗ್ ಚೆನ್ನಾಗಿದೆ ಬಿಡಿ" ಅಂದರು ಅವರು. ಆ ಮಾತು ಕೇಳಿ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಬೆಳಗಿನ ಸದ್ದು ಮಾರನೇ ದಿನದಿಂದಲೇ ನಿಂತಿತು.

ಕಾರಿಗೆ ಮೊದಲು ಫಿಲ್ಟರೇ ಇರಲಿಲ್ಲ. ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಜ್ ಸೇರಿ ಕಾರಿನ ಆಯಿಲ್ ಫಿಲ್ಟರ್ ತಂದದ್ದು 1923ರಲ್ಲಿ. ಅದಕ್ಕೂ ಮೊದಲು ಆಯಿಲನ್ನು ಮತ್ತೆ ಮತ್ತೆ ಬದಲಿಸುತ್ತಲೇ ಇರಬೇಕಿತ್ತು. ಈಗ ನಾವು 10,000 ಕಿಲೋಮೀಟರ್ ನಿಶ್ಚಿಂತೆಯಾಗಿ ಓಡಿಸುವುದರಲ್ಲಿ ಈ ಡಬ್ಬಿಯ ಪಾಲೂ ಇದೆ. ಬಿಲ್ಲಿನಲ್ಲಿ ಮಾತ್ರ ಬದಲಾದರೆ ಅದು ಮಾಡುವ ಕೆಲಸ ನಿಂತುಹೋಗುತ್ತದೆ.

ಉಳಿದದ್ದು ಹಳೆ ಆಯಿಲ್. ಗುಜರಿಯವರು ಕೊಳ್ಳುತ್ತಾರೆ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳುವವರೂ ಇದ್ದಾರೆ. ಕೆಲವರು ಮೋರಿಗೇ ಸುರಿಯುತ್ತಾರೆ, ನಮ್ಮ ಕಡೆಯ ಮೋರಿ ಸೇರುವುದು ವೃಷಭಾವತಿ ನದಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ, ಅನುಮತಿ ಇರುವ ಮರುಬಳಕೆದಾರರಿಗೇ ಹೋಗಬೇಕು. ಫಿಲ್ಟರಿನ ತುಂಡುಗಳನ್ನು ರಾತ್ರಿಯಿಡೀ ಟಬ್ ಮೇಲೆ ಬೋರಲು ಹಾಕಿ ಸೋರಿಸಿದೆ. ಆಯಿಲನ್ನು ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿದೆ. ಸೋಮವಾರ ಎರಡನ್ನೂ ಒಂದು ಸರ್ವಿಸ್ ಸೆಂಟರಿಗೆ ಒಯ್ದು ಕೇಳಿದೆ. ಹಿಂದಿನ ಡ್ರಮ್ ತೋರಿಸಿ, ಅದಕ್ಕೇ ಹಾಕಿ, ವಾರಕ್ಕೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರು ಬಂದು ಒಯ್ಯುತ್ತಾರೆ ಎಂದರು. ಹೊಸ ಫಿಲ್ಟರ್ ಮೇಲೆ ತಾರೀಕು, ಕಿಲೋಮೀಟರ್ ಎರಡನ್ನೂ ಬಿಳಿ ಪೇಂಟ್ ಪೆನ್ನಿನಲ್ಲಿ ಬರೆದಿದ್ದೇನೆ.